ಅರಮನೆಯ ಮೇಲೆ ತಲೆಕೆಳಗಾಗಿ ಇನ್ನೊಂದು ಅರಮನೆ: ನನ್ನ ಲೆನ್ಸ್ ಕೆಟ್ಟಿದೆಯಾ?

ತುಂಗಾತೀರ | ಭಾನುವಾರ, ರಾತ್ರಿ 11:10

ಎಲ್ಲರಿಗೂ ನಮಸ್ಕಾರ. ಒಂದು ಫೋಟೊ ನೋಡಿ ತಲೆ ಕೆಟ್ಟು ಕೂತಿದ್ದೇನೆ. ತಿಳಿದವರು ದಯವಿಟ್ಟು ಹೇಳಿ.

ಇವತ್ತು ಅಪ್ಪ ಅಮ್ಮನನ್ನು ಕರೆದುಕೊಂಡು ಮೈಸೂರಿಗೆ ಹೋಗಿದ್ದೆ. ಅರಮನೆಯ ದೀಪ ನೋಡಬೇಕು ಅಂತ ಅಮ್ಮನಿಗೆ ತುಂಬಾ ವರ್ಷದ ಆಸೆ. ಸಂಜೆ 7ರ ಹೊತ್ತಿಗೆ ಎಲ್ಲ ಬಲ್ಬೂ ಒಟ್ಟಿಗೆ ಹೊತ್ತಿಕೊಂಡವು. ಅಂಗಳದಲ್ಲಿ ನಿಂತಿದ್ದ ಜನರೆಲ್ಲ ಒಂದೇ ಉಸಿರಿಗೆ ‘ಓ’ ಅಂದರು. ಸುಮಾರು 1 ಲಕ್ಷ ಬಲ್ಬ್ ಅಂತಾರೆ. ಕಮಾನು, ಗೋಪುರ, ಗುಮ್ಮಟ ಎಲ್ಲವನ್ನೂ ಚಿನ್ನದ ಚುಕ್ಕೆಯಲ್ಲಿ ರಂಗೋಲಿ ಇಟ್ಟ ಹಾಗೆ ಕಾಣುತ್ತಿತ್ತು.

ನನ್ನ ಹತ್ತಿರ 50 ಎಂಎಂ ಎಫ್/1.8 ಲೆನ್ಸ್ ಇತ್ತು. ಐಎಸ್‌ಒ 800, ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬಿಡುವ ಕಿಂಡಿ) ಎಫ್/2. ಕೈಯಲ್ಲೇ ಹಿಡಿದು ತೆಗೆದೆ. ಅರಮನೆ ಫ್ರೇಮಿನ ಕೆಳಗಿನ ಅರ್ಧದಲ್ಲಿದೆ, ಮೇಲೆ ಬರೀ ಕಪ್ಪು ಆಕಾಶ. ಕ್ಯಾಮೆರಾದ ಪರದೆಯಲ್ಲಿ ನೋಡಿದಾಗ ಎಲ್ಲ ಸರಿಯಾಗೇ ಇತ್ತು.

ಮನೆಗೆ ಬಂದು ಲ್ಯಾಪ್‌ಟಾಪ್‌ನಲ್ಲಿ ತೆರೆದೆ. ಆಕಾಶದಲ್ಲಿ ಸಾಲು ಸಾಲಾಗಿ ಮಬ್ಬು ಹಳದಿ ಚುಕ್ಕೆಗಳು. ಮೊದಲು ನಕ್ಷತ್ರ ಅಂದುಕೊಂಡೆ. ನಕ್ಷತ್ರಗಳು ಕಮಾನಿನ ಆಕಾರದಲ್ಲಿ ಕೂರೋದಿಲ್ಲ ಅಲ್ವಾ? ಬ್ರೈಟ್‌ನೆಸ್ ಸ್ವಲ್ಪ ಏರಿಸಿದೆ. ಮೈ ಜುಮ್ ಅಂದಿತು. ಇಡೀ ಅರಮನೆ ತಲೆಕೆಳಗಾಗಿ ಆಕಾಶದಿಂದ ನೇತಾಡುತ್ತಿದೆ! ನಡುವಿನ ಗೋಪುರದ ತುದಿ ಕೆಳಗೆ, ಬುಡ ಮೇಲೆ. ತೆಗೆದ 40 ಫೋಟೊದಲ್ಲೂ ಹೀಗೇ ಇದೆ.

ಲೆನ್ಸ್ ತಗೊಂಡು 2 ತಿಂಗಳಾಯಿತು ಅಷ್ಟೇ. ವಾರಂಟಿಯಲ್ಲಿ ಕೊಡಬೇಕಾ?

ಹಾಸನದ_ಹಕ್ಕಿ | ಭಾನುವಾರ, ರಾತ್ರಿ 11:22

ಲೆನ್ಸ್ ಮುಂದೆ ಫಿಲ್ಟರ್ ಇದೆಯಾ?

ತುಂಗಾತೀರ | ಭಾನುವಾರ, ರಾತ್ರಿ 11:25

ಇದೆ ಅಕ್ಕ. ಯುವಿ ಫಿಲ್ಟರ್, ಲೆನ್ಸಿನ ಬಾಯಿಗೆ ತಿರುಗಿಸಿ ಹಾಕುವ ಚಪ್ಪಟೆ ಗಾಜು. ಕ್ಯಾಮೆರಾ ತಗೊಂಡ ದಿನ ಅಂಗಡಿಯವರೇ ಹಾಕಿಕೊಟ್ಟರು. ‘ಗಾಜಿಗೆ ಗೀರು ಬೀಳಲ್ಲ’ ಅಂದರು. 400 ರೂಪಾಯಿ. ಅವತ್ತಿನಿಂದ ತೆಗೆದೇ ಇಲ್ಲ.

ಹಾಸನದ_ಹಕ್ಕಿ | ಭಾನುವಾರ, ರಾತ್ರಿ 11:27

ಹಾಗಾದರೆ ಲೆನ್ಸ್ ಚೆನ್ನಾಗಿದೆ, ನೆಮ್ಮದಿಯಾಗಿ ಮಲಗಿ. ಫಿಲ್ಟರ್‌ದೇ ಕೆಲಸ. ಕಾರಣವನ್ನು ಮೇಷ್ಟ್ರು ಬೆಳಿಗ್ಗೆ ಬಿಡಿಸಿ ಹೇಳುತ್ತಾರೆ, ಅವರಿಗೆ ಇದು ಇಷ್ಟದ ವಿಷಯ.

ಬೆಳಕಿನ_ಮೇಷ್ಟ್ರು | ಸೋಮವಾರ, ಬೆಳಿಗ್ಗೆ 6:50

ಹೌದು, ಇಷ್ಟದ ವಿಷಯವೇ. ಪಿಯುಸಿ ಮಕ್ಕಳಿಗೆ 30 ವರ್ಷ ಬೆಳಕಿನ ಪಾಠ ಮಾಡಿದವನು ನಾನು. ಇಷ್ಟು ಚೆಂದದ ಉದಾಹರಣೆ ಆಗ ನನಗೆ ಸಿಕ್ಕಿರಲಿಲ್ಲ.

ಮೊದಲು ಒಂದು ಪರೀಕ್ಷೆ ಮಾಡಿ. ಫೋಟೊವನ್ನು ಕ್ರಾಪ್ ಮಾಡದೆ ತೆರೆಯಿರಿ. ಸರಿಯಾಗಿ ನಡುವೆ ಒಂದು ಚುಕ್ಕೆ ಇಡಿ. ಈಗ ಅರಮನೆಯ ಯಾವುದಾದರೂ ಒಂದು ಬಲ್ಬ್ ಹಿಡಿದುಕೊಂಡು, ಆ ನಡುಚುಕ್ಕೆಯ ಮೂಲಕ ಗೆರೆ ಎಳೆಯಿರಿ. ಬಲ್ಬಿನಿಂದ ನಡುವಿಗೆ ಎಷ್ಟು ದೂರವೋ ಅಷ್ಟೇ ದೂರ ಆಚೆಗೆ ಹೋಗಿ. ಅಲ್ಲಿ ಅದರ ಹುಸಿಬಿಂಬ ಇದ್ದರೆ ಇದು ಫಿಲ್ಟರ್ ಘೋಸ್ಟ್. ಎಡಗಡೆ ಕೆಳಗಿನ ದೀಪ ಬಲಗಡೆ ಮೇಲೆ ಕಾಣಬೇಕು. ಅಂದರೆ ಬರೀ ತಲೆಕೆಳಗಾಗಿರುವುದಿಲ್ಲ, ಎಡಬಲವೂ ಅದಲುಬದಲಾಗಿರುತ್ತದೆ. ಚಿತ್ರವನ್ನು ಮೇಜಿನ ಮೇಲಿಟ್ಟು ಅರ್ಧ ಸುತ್ತು ತಿರುಗಿಸಿದ ಹಾಗೆ.

ಈಗ ಇದು ಹೇಗೆ ಆಗುತ್ತದೆ ನೋಡಿ. ಬಲ್ಬಿನ ಬೆಳಕು ಫಿಲ್ಟರ್ ದಾಟಿ, ಲೆನ್ಸ್ ದಾಟಿ, ಚಿತ್ರ ಹಿಡಿಯುವ ಸೆನ್ಸಾರ್ ಮೇಲೆ ಒಂದು ಚುಕ್ಕೆಯಾಗಿ ಬೀಳುತ್ತದೆ. ಸೆನ್ಸಾರ್ ಅಷ್ಟನ್ನೂ ನುಂಗುವುದಿಲ್ಲ. ಅದರ ಮುಂದೆ ಗಾಜಿದೆ, ಅದರ ಮೈಯೂ ನುಣುಪು. ಸ್ವಲ್ಪ ಬೆಳಕು ಬಂದ ಕಡೆಗೇ ಹೊರಡುತ್ತದೆ. ಲೆನ್ಸಿನ ಎಲ್ಲ ಗಾಜನ್ನೂ ಹಿಂದಿನಿಂದ ಮುಂದಕ್ಕೆ ದಾಟಿ ಹೊರಗೆ ಹೋಗಬೇಕಿತ್ತು. ಅಷ್ಟರಲ್ಲಿ ಬಾಗಿಲಲ್ಲಿ ಫಿಲ್ಟರ್ ನಿಂತಿದೆ. ಚಪ್ಪಟೆ ಗಾಜು, ಅಂದರೆ ಅರೆಬರೆ ಕನ್ನಡಿ. ಅದಕ್ಕೆ ಬಡಿದು ಮತ್ತೆ ಒಳಗೆ ಬರುತ್ತದೆ, ಮತ್ತೆ ಸೆನ್ಸಾರ್ ಮೇಲೆ ಕೂರುತ್ತದೆ. ಈ ಸಲ ಎದುರು ದಿಕ್ಕಿನಲ್ಲಿ.

ಇಷ್ಟು ಸ್ಪಷ್ಟವಾಗಿ ಮೂಡುವುದಕ್ಕೂ ಕಾರಣ ಇದೆ. ನೀವು ದೂರಕ್ಕೆ ಫೋಕಸ್ ಮಾಡಿದ್ದೀರಿ. ದೂರದಿಂದ ಸಮಾನಾಂತರವಾಗಿ ಬಂದ ಕಿರಣಗಳನ್ನು ಲೆನ್ಸ್ ಒಂದು ಚುಕ್ಕೆಗೆ ಸೇರಿಸುತ್ತದೆ. ಅದೇ ಚುಕ್ಕೆಯಿಂದ ವಾಪಸ್ ಹೊರಟ ಕಿರಣಗಳು ಲೆನ್ಸಿನಿಂದ ಆಚೆ ಬರುವಾಗ ಮತ್ತೆ ಸಮಾನಾಂತರವಾಗಿಯೇ ಇರುತ್ತವೆ. ಚಪ್ಪಟೆ ಗಾಜು ಅವುಗಳ ದಿಕ್ಕನ್ನು ಮಾತ್ರ ತಿರುಗಿಸುತ್ತದೆ, ಚದುರಿಸುವುದಿಲ್ಲ. ಲೆನ್ಸಿಗೆ ಅದು ದೂರದಲ್ಲಿರುವ ಇನ್ನೊಂದು ದೀಪದಂತೆಯೇ ಕಾಣುತ್ತದೆ. ಹಾಗಾಗಿ ಅದನ್ನೂ ಚುಕ್ಕೆಗೆ ಸೇರಿಸುತ್ತದೆ. ಲೆನ್ಸ್ ಒಳಗಿನ ಗಾಜುಗಳೂ ಬೆಳಕನ್ನು ವಾಪಸ್ ಕಳಿಸುತ್ತವೆ. ಆದರೆ ಅವೆಲ್ಲ ಬಾಗಿದ ಗಾಜು. ಅವುಗಳಿಂದ ಆಗುವ ಬಿಂಬ ಸಾಮಾನ್ಯವಾಗಿ ಹರಡಿ, ಬಣ್ಣದ ಮಬ್ಬು ಮಚ್ಚೆಯಾಗುತ್ತದೆ. ಒಂದೊಂದು ಬಲ್ಬ್ ಎಣಿಸುವ ಹಾಗೆ ಮೂಡುವುದು ಚಪ್ಪಟೆ ಗಾಜಿನಿಂದ.

ತುಂಗಾತೀರ | ಸೋಮವಾರ, ಬೆಳಿಗ್ಗೆ 9:15

ಮೇಷ್ಟ್ರೇ, ಗೆರೆ ಎಳೆದು ನೋಡಿದೆ. ಕಣ್ಣಿಗೆ ಕಟ್ಟಿದ ಹಾಗಿದೆ! ಎಡತುದಿಯ ಗುಮ್ಮಟದ ಹತ್ತಿರ ಒಂದು ಕಡೆ ನಾಲ್ಕೈದು ಬಲ್ಬ್ ಕೆಟ್ಟು ಹೋಗಿದ್ದವು. ಸಾಲಿನಲ್ಲಿ ಸಣ್ಣ ಕತ್ತಲೆ. ಆಕಾಶದ ಅರಮನೆಯಲ್ಲಿ ಅದೇ ಕತ್ತಲೆ ಬಲಗಡೆ ಮೇಲೆ, ಅಷ್ಟೇ ದೂರದಲ್ಲಿ ಇದೆ.

ಒಂದು ಅನುಮಾನ. ಅರಮನೆಗೆ ಹೋಲಿಸಿದರೆ ಫಿಲ್ಟರ್‌ನಿಂದ ವಾಪಸ್ ಬರುವ ಬೆಳಕು ತೀರಾ ಕಡಿಮೆ ಇರಬೇಕಲ್ವಾ? ಆದರೂ ಕಾಣುತ್ತದಲ್ಲ?

ಬೆಳಕಿನ_ಮೇಷ್ಟ್ರು | ಸೋಮವಾರ, ಬೆಳಿಗ್ಗೆ 10:05

ಲೆಕ್ಕ ಹಾಕೋಣ. ಪ್ರತಿಫಲನ ತಗ್ಗಿಸುವ ಲೇಪನ ಇಲ್ಲದ ಸಾದಾ ಗಾಜಿನ ಒಂದು ಮೈಯಿಂದ ನೂರಕ್ಕೆ 4 ಪಾಲು ಬೆಳಕು ವಾಪಸ್ ಬರುತ್ತದೆ. ಫಿಲ್ಟರಿಗೆ ಎರಡು ಮೈ, ಹಾಗಾಗಿ ಸುಮಾರು 8 ಪಾಲು. ರಾತ್ರಿ ಬಸ್ಸಿನಲ್ಲಿ ಕಿಟಕಿ ಕಡೆ ತಿರುಗಿದರೆ ನಿಮ್ಮದೇ ಮುಖ ಕಾಣುತ್ತದಲ್ಲ, ಅದು ಈ 8 ಪಾಲು. ಹಗಲಲ್ಲೂ ಅಷ್ಟೇ ಬೆಳಕು ವಾಪಸ್ ಬರುತ್ತಿರುತ್ತದೆ. ಹೊರಗಿನ ಬಿಸಿಲಿನಲ್ಲಿ ಅದು ಮುಳುಗಿ ಹೋಗುತ್ತದೆ. ಹೊರಗೆ ಕತ್ತಲಾದಾಗ ಎದ್ದು ಕಾಣುತ್ತದೆ.

ಸೆನ್ಸಾರ್ ನೂರಕ್ಕೆ 5 ಪಾಲು ವಾಪಸ್ ಕಳಿಸುತ್ತದೆ ಅಂದುಕೊಳ್ಳೋಣ. ಆ 5ರಲ್ಲಿ ನೂರಕ್ಕೆ 8. ಅಂದರೆ ಮೂಲ ದೀಪದ 250ರಲ್ಲಿ ಒಂದು ಪಾಲು. ಬೆಳಕು ಒಂದು ಸಲ ಅರ್ಧವಾದರೆ ಒಂದು ಸ್ಟಾಪ್; ಆ ಲೆಕ್ಕದಲ್ಲಿ 8 ಸ್ಟಾಪ್ ಕೆಳಗೆ. ಇದು ಕಡಿಮೆಯೇ. ಆದರೆ ಬಲ್ಬಿನ ತಂತಿ ನಿಮ್ಮ ಫೋಟೊದಲ್ಲಿ ಎಷ್ಟೋ ಸ್ಟಾಪ್ ಮೇಲೆ ಹೋಗಿ ಬರೀ ಬಿಳಿಯಾಗಿದೆ. ಇವತ್ತಿನ ಒಳ್ಳೆಯ ಸೆನ್ಸಾರ್ 13-14 ಸ್ಟಾಪ್ ಅಂತರವನ್ನು ಹಿಡಿಯುತ್ತದೆ. ಆಕಾಶ ಕಪ್ಪು. ಕಪ್ಪು ಹಲಗೆ ಮೇಲೆ ಸೀಮೆಸುಣ್ಣದ ಧೂಳು ಕೂತರೂ ಕಾಣುತ್ತದೆ.

ಅದೇ ಫೋಟೊದಲ್ಲಿ ಎಡಬಲದ ಬಲ್ಬುಗಳ ಹುಸಿಬಿಂಬ ಅರಮನೆಯ ಬೆಳಗಿದ ಗೋಡೆಯ ಮೇಲೆ ಬಿದ್ದಿದ್ದರೆ ನಿಮಗೆ ಗೊತ್ತೇ ಆಗುತ್ತಿರಲಿಲ್ಲ.

ಮಂಟಪ_ಫೋಟೊ | ಸೋಮವಾರ, ಮಧ್ಯಾಹ್ನ 1:30

ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ. ಮದುವೆ ಫೋಟೊ ನನ್ನ ವೃತ್ತಿ. ಒಂದು ಆರತಕ್ಷತೆಯಲ್ಲಿ ವೇದಿಕೆಯ ಹಿಂದೆ ಮೇಲಿಂದ ಕೆಳಗೆ ಸೀರಿಯಲ್ ಸೆಟ್ ಪರದೆ ಬಿಟ್ಟಿದ್ದರು. ಹುಡುಗ ಕಪ್ಪು ಕೋಟು ಹಾಕಿದ್ದ. ನಾನು 85 ಎಂಎಂ ಲೆನ್ಸಿಗೆ ಅಗ್ಗದ ಫಿಲ್ಟರ್ ಹಾಕಿಕೊಂಡು ಇಡೀ ಸಂಜೆ ತೆಗೆದೆ.

ಆಲ್ಬಮ್ ಪ್ರಿಂಟ್ ಆಗಿ ಬಂದ ಮೇಲೆ ಹುಡುಗನ ತಾಯಿ ಫೋನ್ ಮಾಡಿದರು. ‘ಏನಪ್ಪಾ, ಹೊಸ ಕೋಟಿನ ಮೇಲೆ ಎಣ್ಣೆ ಕಲೆ ಇದೆಯಲ್ಲ, ಅವತ್ತು ಇರಲಿಲ್ಲ’ ಅಂದರು. ಹೋಗಿ ನೋಡಿದೆ. ಕೋಟಿನ ಎದೆಯ ಮೇಲೆ ದುಂಡುದುಂಡಾದ ಹಳದಿ ಮಬ್ಬು ಮಚ್ಚೆ, ಸಾಲಾಗಿ. ಬಿಳಿ ಅಂಗಿಯ ಮೇಲೂ ಬಿದ್ದಿರಬೇಕು, ಅಲ್ಲಿ ಕಾಣಲ್ಲ. ಕಪ್ಪಿನ ಮೇಲೆ ಮಾತ್ರ ಕಂಡಿದ್ದು. 60 ಪುಟದ ಆಲ್ಬಮ್ ನನ್ನ ಖರ್ಚಿನಲ್ಲಿ ಮತ್ತೆ ಮಾಡಿಸಿಕೊಟ್ಟೆ. ಒಂದೊಂದು ಮಚ್ಚೆಯನ್ನೂ ಕೂತು ಅಳಿಸಿದೆ. ಮೂರು ರಾತ್ರಿ ಹಿಡಿಯಿತು.

ಮೇಷ್ಟ್ರೇ, ನನ್ನವು ಚುಕ್ಕೆಯಾಗಿ ಇರಲಿಲ್ಲ. ಮಬ್ಬು ಮಚ್ಚೆ. ಅದೂ ಫಿಲ್ಟರ್‌ನಿಂದಲೇನಾ?

ಬೆಳಕಿನ_ಮೇಷ್ಟ್ರು | ಸೋಮವಾರ, ಮಧ್ಯಾಹ್ನ 2:10

ಅದೇ. ನೀವು ಮೂರ್ನಾಲ್ಕು ಮೀಟರ್ ದೂರಕ್ಕೆ ಫೋಕಸ್ ಮಾಡಿದ್ದಿರಿ. ಆಗ ಲೆನ್ಸಿನಿಂದ ವಾಪಸ್ ಹೊರಟ ಕಿರಣ ಸಮಾನಾಂತರವಾಗಿ ಇರುವುದಿಲ್ಲ, ಒಂದೆಡೆ ಸೇರುವ ಹಾಗೆ ಓರೆಯಾಗಿರುತ್ತದೆ. ಫಿಲ್ಟರಿಗೆ ಬಡಿದು ಬಂದಾಗ ಫೋಕಸ್ ತಪ್ಪುತ್ತದೆ. ಹತ್ತಿರಕ್ಕೆ ಫೋಕಸ್ ಮಾಡಿದಷ್ಟೂ ಹುಸಿಬಿಂಬ ಹರಡುತ್ತದೆ. ತೀರಾ ಹತ್ತಿರ ಹೋದರೆ ಹರಡಿ ಹರಡಿ ಕಾಣದಷ್ಟು ತೆಳುವಾಗುತ್ತದೆ. ಅದಕ್ಕೇ ಅರಮನೆ, ಬೀದಿದೀಪ, ಚಂದ್ರ, ಊರಿನ ರಾತ್ರಿ ನೋಟ, ಇಂಥ ದೂರದ ಚಿತ್ರಗಳಲ್ಲಿ ಇದರ ಕಾಟ ಜಾಸ್ತಿ.

ಫೋಕಸ್_ಪುಲ್ಲರ್ | ಸೋಮವಾರ, ಸಂಜೆ 5:45

ನಾನು ಸಿನಿಮಾದಲ್ಲಿ ಕ್ಯಾಮೆರಾ ಅಸಿಸ್ಟೆಂಟ್. ರಾತ್ರಿ ಶೂಟಿಂಗ್‌ನಲ್ಲಿ ಕಾರಿನ ಹೆಡ್‌ಲೈಟ್ ಎದುರಿಗೆ ಬಂದರೆ ನಮಗೂ ಇದೇ ತಲೆನೋವು. ಲೆನ್ಸ್ ಮುಂದೆ ಮ್ಯಾಟ್ ಬಾಕ್ಸ್ ಅನ್ನುವ ಚೌಕಟ್ಟು ಇರುತ್ತದೆ, ಅದರ ತಟ್ಟೆಯಲ್ಲಿ ಚೌಕದ ಫಿಲ್ಟರ್ ಇಡುತ್ತೇವೆ. ಕೆಲವು ಮ್ಯಾಟ್ ಬಾಕ್ಸ್‌ಗಳಲ್ಲಿ ಆ ತಟ್ಟೆಯನ್ನು ಸ್ವಲ್ಪ ಓರೆ ಮಾಡಬಹುದು. ಮಾನಿಟರ್ ನೋಡುತ್ತಾ ಮೆಲ್ಲಗೆ ಓರೆ ಮಾಡಿದರೆ ಹುಸಿದೀಪ ಜಾರಿಕೊಂಡು ಫ್ರೇಮಿನ ಆಚೆ ಹೋಗುತ್ತದೆ. ಮೊದಲ ಸಲ ನೋಡಿದಾಗ ನನಗೆ ಮ್ಯಾಜಿಕ್ ಅನಿಸಿತ್ತು.

ಹಾಸನದ_ಹಕ್ಕಿ | ಸೋಮವಾರ, ಸಂಜೆ 6:20

ಚೆನ್ನಾಗಿದೆ! ತಿರುಗಿಸಿ ಹಾಕುವ ದುಂಡು ಫಿಲ್ಟರಲ್ಲಿ ಇದನ್ನು ಮಾಡಲು ಆಗಲ್ಲ ಅಲ್ವಾ?

ಬೆಳಕಿನ_ಮೇಷ್ಟ್ರು | ಸೋಮವಾರ, ಸಂಜೆ 7:00

ಆಗಲ್ಲ. ಥ್ರೆಡ್ ಅದನ್ನು ನೇರವಾಗೇ ಹಿಡಿದಿರುತ್ತದೆ. ಕನ್ನಡಿಯನ್ನು ಎಷ್ಟು ಓರೆ ಮಾಡುತ್ತೀರೋ ಅದರ ಎರಡರಷ್ಟು ಬೆಳಕು ತಿರುಗುತ್ತದೆ. 50 ಎಂಎಂ ಲೆನ್ಸಿನ ಮುಂದೆ 5 ಡಿಗ್ರಿ ಓರೆ ಮಾಡಿದರೆ ಬಿಂಬ ಸೆನ್ಸಾರ್ ಮೇಲೆ ಸುಮಾರು 9 ಮಿಲಿಮೀಟರ್ ಸರಿಯುತ್ತದೆ. ಫುಲ್ ಫ್ರೇಮ್ ಸೆನ್ಸಾರಿನ ಎತ್ತರ 24 ಮಿಲಿಮೀಟರ್, ಅಂದರೆ ಬಿಂಬವನ್ನು ಫ್ರೇಮಿನ ಆಚೆ ಸರಿಸಲು ಸಾಕಷ್ಟು ಓರೆಯೇ ಬೇಕು.

ಮಲ್ಪೆ_ಅಲೆ | ಸೋಮವಾರ, ರಾತ್ರಿ 8:40

ನಿಮ್ಮೆಲ್ಲರ ಮಾತು ಕೇಳಿದರೆ ಫಿಲ್ಟರೇ ಬೇಡ ಅನ್ನುವ ಹಾಗಿದೆ. ನಾನು ಒಪ್ಪುವುದಿಲ್ಲ. ನಾನು ಬಂದರಿನಲ್ಲಿ, ದೋಣಿಯಲ್ಲಿ ಫೋಟೊ ತೆಗೆಯುವವನು. ಮಳೆಗಾಲ ಮುಗಿದು ದೋಣಿಗಳು ಕಡಲಿಗಿಳಿಯುವ ಸಮಯದಲ್ಲಿ ನೀವೊಮ್ಮೆ ಬಂದು ನೋಡಿ. ಹತ್ತು ನಿಮಿಷದಲ್ಲಿ ಫಿಲ್ಟರ್ ಮೇಲೆ ಉಪ್ಪಿನ ಪದರ ಕೂತಿರುತ್ತದೆ. ಬೆರಳಿಟ್ಟರೆ ಅಂಟಂಟು. ಅದನ್ನು ಅಂಗಿಯ ತುದಿಯಲ್ಲಿ ಒರೆಸಿ ಮುಂದಿನ ಫೋಟೊ ತೆಗೆಯುತ್ತೇನೆ. ಲೆನ್ಸಿನ ಗಾಜನ್ನೇ ಹಾಗೆ ಒರೆಸಿದರೆ ಒಂದು ವರ್ಷದಲ್ಲಿ ಅದರ ಲೇಪನ ಹಾಳು. ನನ್ನ ಲೆನ್ಸಿಗೆ 11 ವರ್ಷ. ಗಾಜು ಇವತ್ತಿಗೂ ಹೊಸದರಂತಿದೆ. ಅದಕ್ಕೆ ಫಿಲ್ಟರೇ ಕಾರಣ.

ಹಾಸನದ_ಹಕ್ಕಿ | ಸೋಮವಾರ, ರಾತ್ರಿ 9:05

ಅಣ್ಣ, ನೀವು ಹೇಳೋದು ಸರಿಯೇ. ಸಫಾರಿಯಲ್ಲಿ ನಮಗೂ ಹಾಗೇ. ಬೇಸಿಗೆಯಲ್ಲಿ ಕಬಿನಿ, ಬಂಡೀಪುರದ ಕಡೆ ಜೀಪಿನ ಹಿಂದೆ ಏಳುವ ಕೆಂಧೂಳು ಎಲ್ಲಾ ಕಡೆ ನುಗ್ಗುತ್ತದೆ. ಫಿಲ್ಟರ್ ಬೇಡವೇ ಬೇಡ ಅಂತ ನಾನೂ ಹೇಳಲ್ಲ. ಕ್ಯಾನನ್‌ನ 17-40 ಎಂಎಂ ಎಫ್/4 ಎಲ್ ಲೆನ್ಸಿಗೆ ಧೂಳು, ನೀರು ಒಳಗೆ ಹೋಗಬಾರದು ಅಂದರೆ ಮುಂದೆ ಫಿಲ್ಟರ್ ಹಾಕಲೇಬೇಕು ಅಂತ ಕಂಪನಿಯವರೇ ಹೇಳುತ್ತಾರೆ.

ಆದರೆ ನೀವು ಹಗಲಲ್ಲಿ ಕಡಲಲ್ಲಿ ಇರುತ್ತೀರಿ. ತುಂಗಾತೀರ ನಿಂತಿದ್ದು ರಾತ್ರಿ ಅರಮನೆಯ ಅಂಗಳದಲ್ಲಿ. ಅಲ್ಲಿ ಉಪ್ಪೂ ಇಲ್ಲ, ಧೂಳೂ ಇಲ್ಲ. ಇರುವುದು ಬಲ್ಬ್ ಮತ್ತು ಕತ್ತಲೆ.

ಮಲ್ಪೆ_ಅಲೆ | ಸೋಮವಾರ, ರಾತ್ರಿ 9:20

ಅದನ್ನು ಒಪ್ಪುತ್ತೇನೆ ಅಕ್ಕ. ಕತ್ತಲಾದ ಮೇಲೆ ಬಂದರಿನ ದೀಪಗಳನ್ನು ತೆಗೆದಾಗ ನೀರಿನ ಮೇಲೆ ಎಲ್ಲೂ ಇಲ್ಲದ ದೋಣಿಯ ದೀಪ ಕಂಡಿದ್ದು ನನಗೂ ನೆನಪಿದೆ. ನಾನು ಇಷ್ಟು ದಿನ ಅದು ನೀರಿನಲ್ಲಿ ಕಂಡ ನೆರಳು ಅಂದುಕೊಂಡಿದ್ದೆ.

ಹಳೇ_ರೋಲ್ | ಮಂಗಳವಾರ, ಬೆಳಿಗ್ಗೆ 7:30

ನಾನು ಫಿಲ್ಮ್ ಕಾಲದವನು. ಯುವಿ ಫಿಲ್ಟರ್ ಯಾಕೆ ಬಂತು ಅನ್ನುವುದನ್ನು ಹೊಸಬರಿಗೆ ಹೇಳುತ್ತೇನೆ.

ಫಿಲ್ಮಿಗೆ ಕಣ್ಣಿಗೆ ಕಾಣದ ನೇರಳಾತೀತ ಬೆಳಕೂ ತಾಗುತ್ತಿತ್ತು. ಎತ್ತರದ ಜಾಗದಲ್ಲಿ, ದೂರದ ಗುಡ್ಡ ತೆಗೆದಾಗ ಫೋಟೊಗೆ ಒಂಥರಾ ನೀಲಿ ಮಬ್ಬು ಹತ್ತುತ್ತಿತ್ತು. ಯುವಿ ಫಿಲ್ಟರ್ ಅದನ್ನು ತಡೆಯುತ್ತಿತ್ತು. ಅವತ್ತು ಅದಕ್ಕೆ ಕೆಲಸ ಇತ್ತು. ಡಿಜಿಟಲ್ ಸೆನ್ಸಾರಿನ ಮುಂದೆ ಅಂಥ ಬೆಳಕನ್ನು ತಡೆಯುವ ಗಾಜು ಆಗಲೇ ಇದೆ. ಹಾಗಾಗಿ ಇವತ್ತಿನ ಯುವಿ ಫಿಲ್ಟರ್ ಬರೀ ಕಾವಲು ಗಾಜು.

ಇನ್ನೊಂದು ಮಾತು. ಫಿಲ್ಮಿನ ಮುಖ ಸೆನ್ಸಾರಿನಷ್ಟು ಹೊಳೆಯುತ್ತಿರಲಿಲ್ಲ. ಈ ಥರದ ಹುಸಿಬಿಂಬ ಆಗಲೂ ಬರುತ್ತಿತ್ತು, ಆದರೆ ಕಡಿಮೆ. ಸೆನ್ಸಾರಿನ ಮುಖ ಕನ್ನಡಿಯ ಹಾಗೆ. ಮಿರರ್‌ಲೆಸ್ ಕ್ಯಾಮೆರಾದಿಂದ ಲೆನ್ಸ್ ತೆಗೆದು, ಮುಟ್ಟದೆ, ಒಳಗೆ ಇಣುಕಿ ನೋಡಿ. ಕಿಟಕಿಯ ಬೆಳಕು ಹೇಗೆ ಹೊಳೆಯುತ್ತದೆ ಅಂತ ಗೊತ್ತಾಗುತ್ತದೆ. ಈಗ ಕೆಲವು ದೊಡ್ಡ ಟೆಲಿಫೋಟೊ ಲೆನ್ಸ್‌ಗಳಲ್ಲಿ ಮುಂದಿನ ಕಾವಲು ಗಾಜನ್ನೇ ಚಪ್ಪಟೆ ಮಾಡದೆ ಸ್ವಲ್ಪ ಬಾಗಿಸಿ ಮಾಡುತ್ತಾರೆ. ಸೆನ್ಸಾರಿನಿಂದ ಬಂದ ಬೆಳಕು ಅದಕ್ಕೆ ಬಡಿದರೂ ಚದುರಿ ಹೋಗಲಿ ಅಂತ.

ಗಣಿತ_ಗೀಳು | ಮಂಗಳವಾರ, ಬೆಳಿಗ್ಗೆ 8:15

ಮೇಷ್ಟ್ರೇ, ಫಿಲ್ಟರಿನ ಎರಡು ಮೈಗಳ ನಡುವೆಯೇ ಬೆಳಕು ಓಡಾಡಿ ಒಂದು ಬಿಂಬ ಮಾಡಬೇಕಲ್ಲ? ಅದು ಎಲ್ಲಿ ಬೀಳುತ್ತದೆ?

ಬೆಳಕಿನ_ಮೇಷ್ಟ್ರು | ಮಂಗಳವಾರ, ಬೆಳಿಗ್ಗೆ 8:40

ಬಹಳ ಒಳ್ಳೆಯ ಪ್ರಶ್ನೆ. ಅಲ್ಲೂ ಬಿಂಬ ಆಗುತ್ತದೆ. ಆದರೆ ಗಾಜಿನ ಎರಡೂ ಮೈ ಸರಿಯಾಗಿ ಸಮಾನಾಂತರ ಇದ್ದರೆ, ಒಳಗೆ ಎರಡು ಸಲ ಬಡಿದು ಹೊರಬಂದ ಕಿರಣ ಮೂಲ ಕಿರಣದ ದಿಕ್ಕಿನಲ್ಲೇ ಹೋಗುತ್ತದೆ. ದೂರದ ದೀಪವಾದರೆ ಆ ಬಿಂಬ ದೀಪದ ಮೇಲೇ ಕೂರುತ್ತದೆ, ಬೇರೆಯಾಗಿ ಕಾಣಲ್ಲ. ಗಾಜು ಒಂದು ಕಡೆ ದಪ್ಪ, ಒಂದು ಕಡೆ ತೆಳು ಆಗಿದ್ದರೆ ಆಗ ದೀಪದ ಪಕ್ಕದಲ್ಲೇ ಅಂಟಿಕೊಂಡ ಹಾಗೆ ಇನ್ನೊಂದು ಮಸುಕು ದೀಪ ಕಾಣುತ್ತದೆ. ಅದು ಕಳಪೆ ಗಾಜಿನ ಗುರುತು.

ಉತ್ತರದ_ಚಳಿ | ಮಂಗಳವಾರ, ಮಧ್ಯಾಹ್ನ 3:00

ನಾರ್ವೆಯ ಟ್ರೋಮ್ಸೊದಿಂದ ಬರೆಯುತ್ತಿದ್ದೇನೆ. ಮೂಲ ಧಾರವಾಡ. ಗಣಿತ ಗೀಳು ಅವರ ಪ್ರಶ್ನೆ ನೋಡಿ ನನ್ನ ಹಳೆಯ ಸಂಕಟ ನೆನಪಾಯಿತು.

ಮೊದಲ ಚಳಿಗಾಲದಲ್ಲಿ ಅರೋರಾ, ಅಂದರೆ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕು, ನೋಡಲು ಊರಾಚೆ ಹೋದೆ. ಕೈ ಮರಗಟ್ಟಿತ್ತು. ಆದರೂ ಬಿಡದೆ ಎರಡು ತಾಸು ನಿಂತು ತೆಗೆದೆ. ಆಕಾಶದ ತುಂಬ ಹಸಿರು ಸೆರಗು ಬೀಸಿದ ಹಾಗೆ. ರೂಮಿಗೆ ಬಂದು ನೋಡಿದರೆ ಪ್ರತಿ ಫೋಟೊದ ನಡುವೆ ಒಂದರೊಳಗೆ ಒಂದು ದುಂಡು ಉಂಗುರಗಳು. ಕೊಳಕ್ಕೆ ಕಲ್ಲು ಹಾಕಿದಾಗ ಏಳುವ ಅಲೆಯ ಥರ. ಅಳು ಬಂತು.

ಆಮೇಲೆ ಇಲ್ಲಿನವರು ಹೇಳಿದರು. ಅರೋರಾದ ಹಸಿರು ಹೆಚ್ಚಾಗಿ ಆಮ್ಲಜನಕದ ಪರಮಾಣು ಕೊಡುವ ಒಂದೇ ಬಣ್ಣ, 557.7 ನ್ಯಾನೊಮೀಟರ್. ಅಷ್ಟು ಶುದ್ಧವಾದ ಒಂದೇ ಬಣ್ಣ ಫಿಲ್ಟರಿನ ಎರಡು ಸಮಾನಾಂತರ ಮೈಗಳ ನಡುವೆ ಬಡಿದಾಡಿದಾಗ ಒಂದು ಅಲೆ ಇನ್ನೊಂದನ್ನು ಕೂಡುತ್ತದೆ, ಕಳೆಯುತ್ತದೆ. ಅದೇ ಉಂಗುರ. ಬಿಸಿಲಿನಲ್ಲಿ, ಬಲ್ಬಿನಲ್ಲಿ ನೂರೆಂಟು ಬಣ್ಣ ಬೆರೆತಿರುವುದರಿಂದ ಇದು ಕಾಣಲ್ಲ. ಇಲ್ಲಿ ಗಾಜು ಎಷ್ಟು ಚೆನ್ನಾಗಿ ಸಮಾನಾಂತರ ಇರುತ್ತದೋ ಅಷ್ಟು ಚೆಂದವಾಗಿ ಉಂಗುರ ಮೂಡುತ್ತದೆ. ಹೀಗಾಗಿ ಒಳ್ಳೆಯ ಫಿಲ್ಟರ್ ಇದ್ದರೂ ಬಿಡುಗಡೆ ಇಲ್ಲ. ಕನ್ನಡಿಗರು ಈಗ ಅರೋರಾ ನೋಡಲು ಜಾಸ್ತಿ ಬರುತ್ತಿದ್ದಾರೆ. ದಯವಿಟ್ಟು ಫಿಲ್ಟರನ್ನು ಹೋಟೆಲಿನಲ್ಲೇ ಬಿಚ್ಚಿಟ್ಟು ಬನ್ನಿ. ಹೊರಗಿನ ಚಳಿಯಲ್ಲಿ ಲೋಹದ ಉಂಗುರ ಬಿಗಿದುಕೊಂಡು ಬಿಚ್ಚಲು ಬರಲ್ಲ.

ತುಂಗಾತೀರ | ಮಂಗಳವಾರ, ಸಂಜೆ 6:10

ಓದುತ್ತಾ ಓದುತ್ತಾ ಕಣ್ಣರಳಿತು. ಎಲ್ಲರಿಗೂ ಧನ್ಯವಾದ.

ಬಿಚ್ಚುವ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ನನ್ನ ಫಿಲ್ಟರ್ ತಿರುಗುತ್ತಲೇ ಇಲ್ಲ! ಅಂಗಡಿಯಲ್ಲಿ ಅಷ್ಟು ಬಿಗಿಯಾಗಿ ಕೂರಿಸಿದ್ದಾರೆ.

ಮಂಟಪ_ಫೋಟೊ | ಸಂಜೆ 6:25

ಎರಡು ಬೆರಳಲ್ಲಿ ಜೋರಾಗಿ ಒತ್ತಿ ಹಿಡಿದರೆ ಉಂಗುರ ಮೊಟ್ಟೆಯಾಕಾರಕ್ಕೆ ತಿರುಗಿ ಇನ್ನೂ ಬಿಗಿಯಾಗುತ್ತದೆ. ಹಾಗೆ ಮಾಡಬೇಡಿ. ಅಗಲವಾದ ರಬ್ಬರ್ ಬ್ಯಾಂಡ್ ಒಂದನ್ನು ಫಿಲ್ಟರಿನ ಅಂಚಿಗೆ ಸುತ್ತಿ. ಅಂಗೈಯನ್ನು ಸುತ್ತಲೂ ಸಮನಾಗಿ ಹಿಡಿದು, ಮೆಲ್ಲಗೆ, ಗಡಿಯಾರದ ಎದುರು ದಿಕ್ಕಿಗೆ ತಿರುಗಿಸಿ. ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಇದ್ದರೆ ಇನ್ನೂ ಒಳ್ಳೆಯದು.

ತುಂಗಾತೀರ | ಸಂಜೆ 6:50

ಬಂತು! ಅಮ್ಮನ ಗ್ಲೌಸ್.

ಹಳೇ_ರೋಲ್ | ಮಂಗಳವಾರ, ರಾತ್ರಿ 8:00

ಬಿಚ್ಚಿದ್ದೀರಲ್ಲ, ಈಗ ಒಂದು ಕೆಲಸ ಮಾಡಿ. ಅದನ್ನು ಕಪ್ಪು ಬಟ್ಟೆಯ ಮೇಲಿಟ್ಟು, ಟ್ಯೂಬ್‌ಲೈಟಿನ ಬಿಂಬ ಅದರಲ್ಲಿ ಕಾಣುವ ಹಾಗೆ ಬಗ್ಗಿ ನೋಡಿ. ಟ್ಯೂಬ್ ಬೆಳ್ಳಗೆ, ನಿಚ್ಚಳವಾಗಿ ಕಂಡರೆ ಲೇಪನ ಇಲ್ಲ. ಮಂದವಾಗಿ, ಹಸಿರೋ ನೇರಳೆಯೋ ಬಣ್ಣದಲ್ಲಿ ಕಂಡರೆ ಮಲ್ಟಿ ಕೋಟಿಂಗ್, ಅಂದರೆ ಹಲವು ಪದರದ ಲೇಪನ, ಇದೆ. ನಾನು ಅಂಗಡಿಗೆ ಹೋದಾಗ ಡಬ್ಬಿಯ ಮೇಲಿನ ಅಕ್ಷರ ಓದುವ ಮುಂಚೆ ಇದನ್ನೇ ಮಾಡುತ್ತೇನೆ. ಹೋಯಾದವರು ಎಚ್‌ಎಂಸಿ ಅಂತ, ಬಿ+ಡಬ್ಲ್ಯೂನವರು ಎಂಆರ್‌ಸಿ ಅಂತ ಬರೆಯುತ್ತಾರೆ. ಆದರೆ ಅಕ್ಷರವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಟ್ಯೂಬ್‌ಲೈಟ್ ಸುಳ್ಳು ಹೇಳಲ್ಲ.

ಈ ಲೇಪನದ ಹಿಂದೆ ದೊಡ್ಡ ಕಥೆಯೇ ಇದೆ. 1935ರಲ್ಲಿ ಜರ್ಮನಿಯ ಝೈಸ್ ಕಂಪನಿಯಲ್ಲಿದ್ದ ಅಲೆಕ್ಸಾಂಡರ್ ಸ್ಮಕುಲ ಗಾಜಿನ ಮೇಲೆ ತೆಳು ಪದರ ಕೂರಿಸಿ ಪ್ರತಿಫಲನ ತಗ್ಗಿಸುವ ದಾರಿ ಕಂಡುಹಿಡಿದರು. ಅದಕ್ಕೂ ಮುಂಚೆ ಹತ್ತು ಹನ್ನೆರಡು ಗಾಜು ಜೋಡಿಸಿದ ಲೆನ್ಸ್ ಮಾಡಿದರೆ ಮೈಮೈಗೂ 4 ಪಾಲು ಕಳೆದು ಚಿತ್ರವೆಲ್ಲ ಮಂಕು. ಇವತ್ತಿನ ಜೂಮ್ ಲೆನ್ಸ್ ಎಲ್ಲ ನಿಂತಿರುವುದು ಆ ಪದರದ ಮೇಲೆ. ಲೆನ್ಸಿನ ಪ್ರತಿ ಗಾಜಿಗೂ ಅಷ್ಟು ಕಷ್ಟಪಟ್ಟು ಲೇಪನ ಮಾಡಿರುತ್ತಾರೆ. ಅದರ ಮುಂದೆ ನಾವು ಸಾದಾ ಕಿಟಕಿ ಗಾಜು ಹಾಕಿದರೆ ಮನಸ್ಸಿಗೆ ನೋವಾಗುತ್ತದೆ.

ತುಂಗಾತೀರ | ಮಂಗಳವಾರ, ರಾತ್ರಿ 8:20

ಟ್ಯೂಬ್ ಬೆಳ್ಳಗೆ ಕಾಣುತ್ತಿದೆ. ಟ್ಯೂಬಿನ ಪಕ್ಕದಲ್ಲಿ ಕೂತಿದ್ದ ಹಲ್ಲಿಯೂ ಕಾಣುತ್ತಿದೆ. ಲೆನ್ಸಿನ ಗಾಜಿನಲ್ಲಿ ನೋಡಿದರೆ ಅದೇ ಟ್ಯೂಬ್ ಮಂದ ಹಸಿರು.

ಹಾಗಾದರೆ ಒಳ್ಳೆಯ ಲೇಪನದ ಫಿಲ್ಟರ್ ತಗೊಂಡರೆ ಅರಮನೆ ಫೋಟೊಗೂ ಹಾಕಿಕೊಳ್ಳಬಹುದಾ?

ಬೆಳಕಿನ_ಮೇಷ್ಟ್ರು | ಮಂಗಳವಾರ, ರಾತ್ರಿ 9:00

ಮತ್ತೆ ಲೆಕ್ಕ. ಒಳ್ಳೆಯ ಮಲ್ಟಿ ಕೋಟಿಂಗ್ ಇದ್ದರೆ ಒಂದು ಮೈಗೆ ನೂರಕ್ಕೆ ಅರ್ಧ ಪಾಲು ಅಂತಿಟ್ಟುಕೊಳ್ಳಿ, ಎರಡು ಮೈಗೆ 1 ಪಾಲು. ಸೆನ್ಸಾರಿನ 5ರಲ್ಲಿ ನೂರಕ್ಕೆ 1, ಅಂದರೆ 2000ದಲ್ಲಿ ಒಂದು ಪಾಲು, 11 ಸ್ಟಾಪ್ ಕೆಳಗೆ. ನಿಮ್ಮ ಈಗಿನ ಫಿಲ್ಟರಿಗಿಂತ 3 ಸ್ಟಾಪ್ ಲಾಭ. ಸಂಜೆಯ ಬೀದಿಗೆ ಅದು ಸಾಕು. ಕಪ್ಪು ಆಕಾಶ, ಉರಿಯುವ ಬಲ್ಬ್, ಆಮೇಲೆ ನೆರಳಿನ ಭಾಗ ಏರಿಸುವ ಎಡಿಟಿಂಗ್, ಇವು ಮೂರೂ ಸೇರಿದರೆ ಅದೂ ಕಾಣಿಸಬಹುದು. ದೀಪ ಫ್ರೇಮಿನೊಳಗೇ ಇರುವಾಗ, ಸುತ್ತ ಕತ್ತಲೆ ಇರುವಾಗ, ಯಾವ ಫಿಲ್ಟರೂ ಬೇಡ. ಎರಡು ಫಿಲ್ಟರ್ ಒಂದರ ಮೇಲೊಂದು ಹಾಕುವುದಂತೂ ಬೇಡವೇ ಬೇಡ.

ಅಪರ್ಚರ್ ಸಣ್ಣ ಮಾಡಿದರೆ ಹೋಗುತ್ತದಾ ಅಂತ ಮುಂದೆ ಯಾರಾದರೂ ಕೇಳುತ್ತೀರಿ. ಬಡಿದು ಬರುವ ಬೆಳಕೂ ಅದೇ ಕಿಂಡಿಯಿಂದ ನುಗ್ಗಬೇಕು. ಹಾಗಾಗಿ ಎಫ್/8ರಲ್ಲಿ ಅಂಚಿನ ಕಡೆಯ ಬಿಂಬಗಳು ಕಡಿಮೆಯಾಗಬಹುದು. ನಡುವಿನ ಹತ್ತಿರ ಇರುವುದು ಉಳಿಯುತ್ತದೆ. ಲೆನ್ಸಿನ ಬಾಯಿಗೆ ಹಾಕುವ ಹುಡ್ ಅನ್ನುವ ಮರೆಯಿಂದ ಇಲ್ಲಿ ಉಪಯೋಗ ಇಲ್ಲ. ಅದು ಫ್ರೇಮಿನ ಆಚೆಯ ಬೆಳಕನ್ನು ತಡೆಯುತ್ತದೆ, ಇಲ್ಲಿ ದೀಪ ಒಳಗೇ ಇದೆ. ಆದರೂ ಫಿಲ್ಟರ್ ಬಿಚ್ಚಿದಾಗ ಹುಡ್ ಇರಲಿ, ಏನಾದರೂ ತಾಗಿದರೆ ಮೊದಲ ಪೆಟ್ಟು ಅದು ತಿನ್ನುತ್ತದೆ.

ಜೋಗದ_ಹನಿ | ಬುಧವಾರ, ಬೆಳಿಗ್ಗೆ 10:30

ನನ್ನದು ಮೊಬೈಲ್. ಫಿಲ್ಟರೇ ಇಲ್ಲ. ಆದರೂ ಬೀದಿದೀಪ ತೆಗೆದರೆ ಎದುರು ಮೂಲೆಯಲ್ಲಿ ಹಸಿರು ಚುಕ್ಕೆ ಬರುತ್ತದೆ. ಫೋನ್ ಅಲ್ಲಾಡಿಸಿದರೆ ದೀಪ ಹೋದ ದಿಕ್ಕಿಗೆ ವಿರುದ್ಧವಾಗಿ ಚುಕ್ಕೆ ಓಡುತ್ತದೆ.

ಬೆಳಕಿನ_ಮೇಷ್ಟ್ರು | ಬುಧವಾರ, ಬೆಳಿಗ್ಗೆ 11:00

ಅದೇ ಕುಟುಂಬದ್ದು. ಮೊಬೈಲಿನಲ್ಲಿ ಪುಟ್ಟ ಲೆನ್ಸ್, ಅದರ ಹಿಂದೆ ಸೆನ್ಸಾರಿಗೆ ಅಂಟಿಕೊಂಡ ಹಾಗೆ ಚಪ್ಪಟೆ ಗಾಜು, ಮುಂದೆ ಕಾವಲು ಗಾಜು. ಬಿಚ್ಚಲು ಆಗುವುದಿಲ್ಲ. ಆದರೆ ಕ್ಯಾಮೆರಾ ಮೇಲೆ ಅಂಟಿಸುವ ಟೆಂಪರ್ಡ್ ಗ್ಲಾಸ್ ಇದ್ದರೆ ಮೊದಲು ಅದನ್ನು ಕಿತ್ತು ನೋಡಿ. ಚುಕ್ಕೆ ಮುಖದ ಮೇಲೆ ಬರುತ್ತಿದ್ದರೆ ಫೋನನ್ನು ಸ್ವಲ್ಪ ತಿರುಗಿಸಿ ಮರದ ಎಲೆಗಳ ಮೇಲೋ ಬೆಳಗಿದ ಗೋಡೆಯ ಮೇಲೋ ಬೀಳುವ ಹಾಗೆ ಮಾಡಿ. ದೀಪವನ್ನು ಸರಿಯಾಗಿ ನಡುವೆ ತಂದರೆ ಚುಕ್ಕೆ ದೀಪದೊಳಗೇ ಅಡಗುತ್ತದೆ.

ಜೋಗದ_ಹನಿ | ಬುಧವಾರ, ಬೆಳಿಗ್ಗೆ 11:40

ಅಂಟಿಸಿದ ಗ್ಲಾಸ್ ಇತ್ತು ಮೇಷ್ಟ್ರೇ! ಕಿತ್ತೆ. ಮೊದಲು ಎರಡು ಚುಕ್ಕೆ ಇತ್ತು, ಈಗ ಒಂದೇ.

ತುಂಗಾತೀರ | ಭಾನುವಾರ, ರಾತ್ರಿ 10:30

ಇವತ್ತು ಮತ್ತೆ ಮೈಸೂರಿಗೆ ಹೋಗಿದ್ದೆ, ಒಬ್ಬನೇ. ಹೋದ ವಾರ ನಿಂತಿದ್ದ ಜಾಗದಲ್ಲೇ ನಿಂತೆ. ಐಎಸ್‌ಒ, ಅಪರ್ಚರ್ ಎಲ್ಲ ಅದೇ. ಫಿಲ್ಟರ್ ಹಾಕಿ ಹತ್ತು, ಬಿಚ್ಚಿ ಹತ್ತು ತೆಗೆದೆ.

ಹಾಕಿದ ಹತ್ತರಲ್ಲೂ ಆಕಾಶದ ಅರಮನೆ ಇದೆ. ಬಿಚ್ಚಿದ ಹತ್ತರಲ್ಲಿ ಆಕಾಶ ಆಕಾಶವಾಗಿಯೇ ಇದೆ. ಬ್ರೈಟ್‌ನೆಸ್ ಪೂರ್ತಿ ಏರಿಸಿ ನೋಡಿದೆ, ಒಂದು ಮೂಲೆಯಲ್ಲಿ ಬೆರಳುಗುರಿನಷ್ಟು ಹಸಿರು ಮಬ್ಬು ಬಿಟ್ಟರೆ ಏನೂ ಇಲ್ಲ. ಹತ್ತಿರದ ಒಂದು ಕಂಬದ ದೊಡ್ಡ ದೀಪ ಫ್ರೇಮಿಗೆ ಬಂದಿದ್ದ ಫೋಟೊಗಳಲ್ಲಿ ಮಾತ್ರ ಆ ಮಬ್ಬು ಇದೆ. ಅದು ಲೆನ್ಸಿನ ಒಳಗಿನದ್ದಾ ಮೇಷ್ಟ್ರೇ?

ಬೆಳಕಿನ_ಮೇಷ್ಟ್ರು | ಭಾನುವಾರ, ರಾತ್ರಿ 10:50

ಹೌದು. ಬಾಗಿದ ಗಾಜುಗಳ ನಡುವಿನದ್ದು, ಅದಕ್ಕೇ ಹರಡಿದೆ. ಮುಂದಿನ ಸಲ ಎರಡು ಹೆಜ್ಜೆ ಪಕ್ಕಕ್ಕೆ ಸರಿದು ಆ ಕಂಬದ ದೀಪವನ್ನು ಮರದ ಹಿಂದೆ ಅಡಗಿಸಿ.

ಫಿಲ್ಟರ್ ಹಾಕಿದ ಒಂದು, ಬಿಚ್ಚಿದ ಒಂದು ಫೋಟೊ ಅಕ್ಕಪಕ್ಕ ಇಟ್ಟು ನನಗೆ ಕಳಿಸಿಕೊಡುತ್ತೀರಾ? ಪಕ್ಕದ ಮನೆಯ ಹುಡುಗಿ ಈ ವರ್ಷ ಪಿಯುಸಿ. ನಾಳೆ ಅವಳಿಗೆ ತೋರಿಸಬೇಕು.

ತುಂಗಾತೀರ | ಭಾನುವಾರ, ರಾತ್ರಿ 11:05

ಕಳಿಸಿದ್ದೇನೆ ಮೇಷ್ಟ್ರೇ. ನಡುವೆ ಚುಕ್ಕೆ ಇಟ್ಟು, ಆ ಕೆಟ್ಟ ಬಲ್ಬುಗಳ ಜಾಗದಿಂದ ಗೆರೆ ಎಳೆದೇ ಕಳಿಸಿದ್ದೇನೆ.

ಮಲ್ಪೆ ಅಣ್ಣ, ಮುಂದಿನ ತಿಂಗಳು ನಿಮ್ಮ ಕಡೆ ಬರುತ್ತಿದ್ದೇನೆ. ಲೇಪನ ಇರುವ ಒಂದು ಫಿಲ್ಟರ್ ತಗೊಂಡೆ, ಟ್ಯೂಬ್‌ಲೈಟ್ ಕೆಳಗೆ ನೋಡಿಯೇ ತಗೊಂಡೆ. ದೋಣಿ ಹತ್ತುವವರೆಗೆ ಅದು ಬ್ಯಾಗಿನಲ್ಲೇ ಇರುತ್ತದೆ.